ಕೀ ಕೂಡದಿದ್ದಾಗ: ಸಿಹಿನೀರು ಮೀನಿನ ಚಪ್ಪಟೆ ಹುಳುಗಳನ್ನು ಗುರುತಿಸುವಲ್ಲಿ ತಪ್ಪು ಎಲ್ಲಾಯಿತು?

ಹುಳು ಸ್ಲೈಡ್ ಮೇಲಿದೆ. ಗುರುತಿನ ಕೀ, ಅಂದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೆಸರಿನವರೆಗೆ ಕರೆದೊಯ್ಯುವ ಪಟ್ಟಿ, ಪಕ್ಕದಲ್ಲೇ ತೆರೆದಿದೆ. ನಾಲ್ಕು ಹಂತ ಸಲೀಸಾಗಿ ದಾಟಿದ್ದೀರಿ, ಐದನೆಯದರಲ್ಲಿ ಕೀ ಎರಡು ದಾರಿ ತೋರಿಸುತ್ತದೆ, ನಿಮ್ಮ ಹುಳು ಎರಡಕ್ಕೂ ಒಗ್ಗುವುದಿಲ್ಲ. ಆಗ ಮೊದಲು ಬರುವ ಯೋಚನೆ ‘ಈ ಕೀನೇ ಸರಿಯಿಲ್ಲ’ ಅಂತ. ಎರಡನೆಯದು, ಸ್ವಲ್ಪ ಆಸೆಯಿಂದ, ‘ಇದು ಹೊಸ ಪ್ರಭೇದ ಇರಬಹುದಾ’ ಅಂತ. ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಈ ಹುಳುಗಳ ಜೊತೆ ವರ್ಷಗಟ್ಟಲೆ ಕೂತು ನನಗೆ ಅರ್ಥವಾಗಿದ್ದು ಇಷ್ಟು: ಕೀ ಕೂಡದಿದ್ದಾಗ ತಪ್ಪು ಬಹಳಷ್ಟು ಸಲ ಮೈಕ್ರೋಸ್ಕೋಪಿಗೆ ಬರುವ ಮೊದಲೇ ಆಗಿರುತ್ತದೆ. ಮೀನನ್ನು ಇಟ್ಟ ಬಕೆಟ್ಟಿನಲ್ಲಿ, ಕಿವಿರು ಕೆರೆದ ತಟ್ಟೆಯಲ್ಲಿ, ಹುಳುವನ್ನು ಕೆಡದಂತೆ ಹಾಕಿದ ಫಾರ್ಮಲಿನ್‌ನಲ್ಲಿ. ಅದಕ್ಕೇ ಸ್ಲೈಡ್‌ನಿಂದ ಹಿಂದಕ್ಕೆ, ಮೀನಿನವರೆಗೂ ಹೋಗಿ ಹುಡುಕಬೇಕು.

ಕೆಳಗೆ ಒಂದೊಂದು ಲಕ್ಷಣ ಹಿಡಿದು ಬರೆದಿದ್ದೇನೆ. ನಿಮ್ಮದು ಯಾವುದೋ ಅಲ್ಲಿಗೇ ನೇರ ಹೋಗಬಹುದು. ಆದರೆ ಮೊದಲ ಎರಡನ್ನು ಮಾತ್ರ ಬಿಡಬೇಡಿ.

ಇದು ಚಪ್ಪಟೆ ಹುಳುವೇ ಹೌದಾ?

ಕೇಳಲು ಸಣ್ಣ ಪ್ರಶ್ನೆ ಅನ್ನಿಸುತ್ತದೆ. ಆದರೆ ಇಲ್ಲೇ ಜಾರಿದವರನ್ನು ಜಾಸ್ತಿ ನೋಡಿದ್ದೇನೆ. ಕಿವಿರಿನ ಎಳೆಗಳ ಮೇಲೆ ಬಿಳಿ ಗುಳ್ಳೆ ಕಂಡರೆ ಅದು ಮೆಟಾಸರ್ಕೇರಿಯಾದ ಕೋಶವೇ, ಅಂದರೆ ಚಪ್ಪಟೆ ಹುಳುವಿನ ಲಾರ್ವಾ ಮಲಗಿರುವ ಚೀಲವೇ, ಆಗಬೇಕೆಂದಿಲ್ಲ. ಮಿಕ್ಸೋಬೋಲಸ್, ಹೆನ್ನೆಗುಯಾ ಥರದ, ಬೀಜಾಣು ಮಾಡುವ ಸೂಕ್ಷ್ಮ ಪರಾವಲಂಬಿಗಳಾದ ಮಿಕ್ಸೊಸ್ಪೋರಿಡಿಯನ್‌ಗಳೂ ಅಂಥದೇ ಗುಳ್ಳೆ ಮಾಡುತ್ತವೆ. ಗುಳ್ಳೆಯನ್ನು ಸ್ಲೈಡ್ ಮೇಲೆ ಒತ್ತಿ ಒಡೆಯಿರಿ. ಒಳಗಿಂದ ಸಾವಿರಾರು ಪುಟ್ಟ ಬೀಜಾಣುಗಳು ಹಾಲಿನಂತೆ ಹರಿದರೆ ಅದು ಹುಳು ಅಲ್ಲ. ಒಂದೇ ಒಂದು ಜೀವಿ ಮೈ ಮಡಚಿಕೊಂಡು ಮಲಗಿದ್ದು, ಬಿಡಿಸಿದ ಮೇಲೆ ತೆವಳಲು ಶುರು ಮಾಡಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಸಿಹಿನೀರು ಮಸ್ಸೆಲ್‌ಗಳ ಲಾರ್ವಾ, ಅಂದರೆ ಗ್ಲೋಕಿಡಿಯಾ, ಕಿವಿರಿಗೆ ಕಚ್ಚಿಕೊಂಡು ಕೂತಿರುತ್ತದೆ. ಅದಕ್ಕೆ ಎರಡು ಚಿಪ್ಪು ಇರುತ್ತವೆ, ಓರೆಬೆಳಕಿನಲ್ಲಿ ನೋಡಿದರೆ ತಿಳಿದುಬಿಡುತ್ತದೆ. ಕರುಳಿನಲ್ಲಿ ಸಿಗುವ ಅಕಾಂಥೊಸೆಫಲಾ, ಅಂದರೆ ಮುಳ್ಳುತಲೆ ಹುಳುವಿಗೆ, ಮುಳ್ಳು ತುಂಬಿದ ಸೊಂಡಿಲು ಇರುತ್ತದೆ. ಅದು ಸೊಂಡಿಲನ್ನು ಒಳಗೆ ಎಳೆದುಕೊಂಡಿದ್ದರೆ ಲಾಡಿಹುಳುವಿನ ತುಂಡಿನಂತೆಯೇ ಕಾಣುತ್ತದೆ. ಅನುಮಾನ ಬಂದರೆ ಸಾದಾ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ನೀರು ಹೀರಿ ಉಬ್ಬಿ ಸೊಂಡಿಲನ್ನು ಹೊರಗೆ ಚಾಚುತ್ತದೆ. ಜಿಗಣೆಗೆ ಮೈ ತುಂಬ ಉಂಗುರದ ಗೆರೆಗಳಿರುತ್ತವೆ. ಇವಿಷ್ಟು ದಾಟಿದರೆ ಮುಂದೆ ಹೋಗಬಹುದು.

ಎಲ್ಲಿ ಸಿಕ್ಕಿತು ಅಂತ ಬರೆದುಕೊಂಡಿದ್ದೀರಾ?

ಸುಮ್ನೆ ‘ಮೀನಿನಿಂದ’ ಎಂದು ಬರೆದ ಲೇಬಲ್ ಇದ್ದರೆ ಅರ್ಧ ಕೀ ಕೈತಪ್ಪಿದ ಹಾಗೆ. ಕಿವಿರು, ಚರ್ಮ, ರೆಕ್ಕೆ, ಕಣ್ಣಿನ ಮಸೂರ, ಕಣ್ಣಿನೊಳಗಿನ ದ್ರವ, ಸ್ನಾಯು, ಹೊಟ್ಟೆಯ ಪೊಳ್ಳು, ಕರುಳು, ಗಾಳಿಚೀಲ, ರಕ್ತನಾಳ – ಈ ಹುಳುಗಳು ಜಾಗದ ವಿಷಯದಲ್ಲಿ ಬಹಳ ಹಟಮಾರಿಗಳು. ಕಣ್ಣಿನ ಮಸೂರದೊಳಗೆ ಡಿಪ್ಲೋಸ್ಟೋಮಂ ಸಿಗುತ್ತದೆ. ಅದೇ ಕಣ್ಣಿನ ದ್ರವದಲ್ಲಿ ಟೈಲೋಡೆಲ್ಫಿಸ್ ಸಿಗಬಹುದು. ಕಣ್ಣನ್ನು ಒಂದೇ ಏಟಿಗೆ ಕತ್ತರಿಸಿ ತಟ್ಟೆಯಲ್ಲಿ ಕದಡಿದರೆ ಆ ವ್ಯತ್ಯಾಸ ಅಲ್ಲಿಗೇ ಹೋಯಿತು, ಆಮೇಲೆ ಯಾವ ಮೈಕ್ರೋಸ್ಕೋಪೂ ಅದನ್ನು ವಾಪಸ್ ಕೊಡುವುದಿಲ್ಲ. ಮಸೂರವನ್ನು ಮೊದಲು ಇಡಿಯಾಗಿ ಹೊರತೆಗೆದು, ತೊಳೆದು, ಬೇರೆ ಗಾಜಿನ ಬಟ್ಟಲಲ್ಲಿ ಒಡೆಯಬೇಕು.

ಇನ್ನೊಂದು, ಮೀನು ಸತ್ತು ಎಷ್ಟು ಹೊತ್ತಾಗಿತ್ತು? ಮೀನು ಸತ್ತ ಮೇಲೆ ಚರ್ಮದ ಮೇಲಿನ ಪುಟ್ಟ ಹುಳುಗಳಾದ ಗೈರೋಡ್ಯಾಕ್ಟಿಲಸ್‌ಗಳು ಅದನ್ನು ಬಿಟ್ಟು ಬೇರೆ ಮೀನು ಹುಡುಕುತ್ತವೆ. ಕಿವಿರು ಕೊಳೆಯತೊಡಗಿದಂತೆ ಅಲ್ಲಿನ ಹುಳುಗಳೂ ಕರಗಿ ಆಕಾರ ಕೆಡುತ್ತವೆ. ಐದಾರು ಜಾತಿಯ ಮೀನುಗಳನ್ನು ಒಂದೇ ಬಕೆಟ್ಟಿನಲ್ಲಿ ತುಂಬಿ ತಂದಿದ್ದರೆ, ಒಂದರ ಹುಳು ಇನ್ನೊಂದರ ಮೈಮೇಲೆ ಸಿಗುವುದು ಸಹಜ. ‘ಈ ಹುಳು ಈ ಮೀನಿನಲ್ಲಿ ಹಿಂದೆ ಯಾರಿಗೂ ಸಿಕ್ಕಿಲ್ಲ’ ಎಂದು ಸಂಭ್ರಮಪಡುವ ಮೊದಲು ಬಕೆಟ್ಟನ್ನು ನೆನಪಿಸಿಕೊಳ್ಳಿ.

ಮೀನಿನ ಗುರುತೂ ಸರಿಯಿರಬೇಕು, ಅಲ್ವಾ? ಡ್ಯಾಕ್ಟಿಲೋಗೈರಸ್ ಎಂಬ ಹುಳುವಿನ ಪ್ರಭೇದಗಳು 900ಕ್ಕೂ ಹೆಚ್ಚಿವೆ, ಬಹುಪಾಲು ಕಾರ್ಪ್ ಬಳಗದ ಮೀನುಗಳ ಕಿವಿರಿನಲ್ಲಿ ಬದುಕುತ್ತವೆ, ಹಲವು ಒಂದೇ ಮೀನಿಗೋ ಹತ್ತಿರದ ಸಂಬಂಧಿಗಳಿಗೋ ಸೀಮಿತ. ಹಾಗಾಗಿ ಕ್ಯಾಟ್‌ಫಿಶ್ ಕಿವಿರಿನಲ್ಲಿ ಡ್ಯಾಕ್ಟಿಲೋಗೈರಸ್ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹುಳುವಿನ ಹಿಂಬದಿಯ ಕೊಕ್ಕೆಗಳನ್ನು ಮತ್ತೆ ಎಣಿಸಲು ಹೇಳುತ್ತೇನೆ. ಆದರೆ ಈ ಅಳತೆಗೋಲು ಎಲ್ಲಕ್ಕೂ ಸಲ್ಲುವುದಿಲ್ಲ. ಏಷ್ಯಾದ ಲಾಡಿಹುಳು ಎಂದು ಕರೆಯುವ ಶೈಜೋಕೋಟೈಲ್ ಅಕೈಲೋಗ್ನಾಥಿ 200ಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಸಿಕ್ಕಿದೆ. ಅದನ್ನು ಎಲ್ಲಿ ಕಂಡರೂ ಆಶ್ಚರ್ಯಪಡಬೇಕಿಲ್ಲ.

ಗುಂಪೇ ತಪ್ಪಿದ ಅನುಮಾನ

ಸಿಹಿನೀರು ಮೀನಿನಲ್ಲಿ ಸಿಗುವ ಪರಾವಲಂಬಿ ಚಪ್ಪಟೆ ಹುಳುಗಳಲ್ಲಿ ಮೂರು ದೊಡ್ಡ ಗುಂಪು. ಮಾನೋಜೀನಿಯನ್‌ಗಳಿಗೆ ಹಿಂಬದಿಯಲ್ಲಿ ಕೊಕ್ಕೆಗಳಿರುವ ಅಂಟುತಟ್ಟೆ, ಒಂದೇ ಆತಿಥೇಯ (ಆಶ್ರಯ ಕೊಡುವ ಜೀವಿ), ಹೆಚ್ಚಿನವು ಮೈಯ ಹೊರಭಾಗದಲ್ಲಿ. ಡೈಜೀನಿಯನ್‌ಗಳಿಗೆ ಸಾಮಾನ್ಯವಾಗಿ ಎರಡು ಹೀರುಬಟ್ಟಲು, ಎರಡಾಗಿ ಕವಲೊಡೆದ ಕರುಳು, ಜೀವನಚಕ್ರದಲ್ಲಿ ಬಸವನಹುಳು. ಲಾಡಿಹುಳುಗಳಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ನಾಲ್ಕನೆಯದಾಗಿ ಅಪರೂಪಕ್ಕೆ ಅಸ್ಪಿಡೊಗ್ಯಾಸ್ಟ್ರಿಯನ್ ಸಿಗುತ್ತದೆ, ಹೊಟ್ಟೆಯ ಕಡೆ ಪೂರ್ತಿ ಮನೆಮನೆಯಾಗಿ ಹಂಚಿದ ದೊಡ್ಡ ಅಂಟುತಟ್ಟೆ ಇರುತ್ತದೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಇಷ್ಟು ಸರಳ ಇದ್ದರೂ ಎಡವುತ್ತೇವೆ. ನಾನೇ ಎಡವಿದ್ದನ್ನು ಹೇಳುತ್ತೇನೆ. ಕಲಿಯುತ್ತಿದ್ದ ಕಾಲದಲ್ಲಿ ಒಂದು ಕ್ಯಾಟ್‌ಫಿಶ್‌ನ ಕರುಳಿನಿಂದ ಎರಡು ಸೆಂಟಿಮೀಟರ್ ಉದ್ದದ, ಬೆಳ್ಳಗಿನ, ಎಲ್ಲೂ ತುಂಡು ತುಂಡಾಗಿ ಕಾಣದ ಹುಳು ಸಿಕ್ಕಿತ್ತು. ಮುಂದಿನ ತುದಿಯಲ್ಲಿ ಸಣ್ಣ ತಗ್ಗು. ಅದನ್ನು ಬಾಯಿಯ ಹೀರುಬಟ್ಟಲು ಅಂದುಕೊಂಡೆ. ಮೈ ಉದ್ದಕ್ಕೂ ಮಸುಕಾದ ಪಟ್ಟೆ. ಅದನ್ನು ಕರುಳು ಅಂದುಕೊಂಡೆ. ಡೈಜೀನಿಯನ್ ಕೀ ಹಿಡಿದು ಮೂರು ದಿನ ಕೂತೆ, ಹೊಟ್ಟೆಯ ಹೀರುಬಟ್ಟಲು ಮಾತ್ರ ಎಲ್ಲಿಯೂ ಸಿಗಲಿಲ್ಲ. ‘ಅದು ಸವೆದುಹೋಗಿರಬೇಕು’ ಎಂದು ನೋಟ್ಸ್‌ನಲ್ಲಿ ಬರೆದೂ ಬಿಟ್ಟೆ. ಆ ಸಾಲು ಈಗಲೂ ನನ್ನ ಹಳೆಯ ಪುಸ್ತಕದಲ್ಲಿದೆ. ಕೊನೆಗೆ ಕಾರ್ಮೈನ್ ಬಣ್ಣ ಹಾಕಿ ನೋಡಿದಾಗ ಪಟ್ಟೆ ಅಂದುಕೊಂಡಿದ್ದು ಬಿಡಿಬಿಡಿಯಾಗಿ ಒಡೆಯಿತು: ನೂರಾರು ದುಂಡನೆಯ ವೃಷಣಗಳು, ಅವುಗಳ ಸುತ್ತ ಮೊಟ್ಟೆಗೆ ಆಹಾರ ಒದಗಿಸುವ ಹಳದಿಗ್ರಂಥಿಯ ಕಾಳುಗಳು, ಹಿಂದಿನ ತುದಿಯ ಹತ್ತಿರ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಅಂಡಾಶಯ. ಡೈಜೀನಿಯನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ವೃಷಣ. ಇದು ಕ್ಯಾರಿಯೋಫಿಲಿಡಿಯನ್, ಅಂದರೆ ತುಂಡುಗಳಿಲ್ಲದ, ಒಂದೇ ಜೊತೆ ಜನನಾಂಗವಿರುವ ಲಾಡಿಹುಳು. ಮೂರು ದಿನ ತಪ್ಪು ಪುಸ್ತಕದಲ್ಲಿ ಹುಡುಕಿದ್ದೆ.

ಅಂದಿನಿಂದ ನನ್ನ ಪರೀಕ್ಷೆ ಒಂದೇ. ಕರುಳಿನಲ್ಲಿ ಸಿಕ್ಕ, ತುಂಡುಗಳಿಲ್ಲದ ಹುಳು ಬಂದರೆ ಮೊದಲು ಅದರ ಕರುಳನ್ನು ಹುಡುಕುತ್ತೇನೆ. ಕರುಳು ಖಚಿತವಾಗಿ ಕಾಣದಿದ್ದರೆ ಡೈಜೀನಿಯನ್ ಕೀ ಮುಟ್ಟುವುದಿಲ್ಲ. ಲಿಗುಲಾ ಎಂಬ ಲಾಡಿಹುಳು ಕೂಡ ಇದೇ ಥರ ಮೋಸ ಮಾಡುತ್ತದೆ. ಮೀನಿನ ಹೊಟ್ಟೆಯ ಪೊಳ್ಳಿನಲ್ಲಿ ರಿಬ್ಬನ್ನಿನ ಹಾಗೆ ಸುರುಳಿಯಾಗಿರುವ ಅದರ ಮೈಮೇಲೆ ಹೊರಗಡೆ ತುಂಡುಗಳು ಕಾಣುವುದಿಲ್ಲ. ಅದು ಲಾರ್ವಾ ಹಂತ, ಪ್ರೌಢವಾಗುವುದು ಮೀನು ತಿನ್ನುವ ಹಕ್ಕಿಯ ಕರುಳಿನಲ್ಲಿ.

ತಿರುಗುಮುರುಗಾಗಿಯೂ ಆಗುತ್ತದೆ. ಕೀಯ ಮೊದಲ ಪ್ರಶ್ನೆ ‘ಹೀರುಬಟ್ಟಲು ಇದೆಯಾ’ ಎಂದಿದ್ದು, ನಿಮ್ಮ ಹುಳುವಿಗೆ ಅದು ಇಲ್ಲದಿದ್ದರೆ ಡೈಜೀನಿಯನ್ ಅಲ್ಲವೇ ಅಲ್ಲ ಎಂದು ತೀರ್ಮಾನಿಸಬೇಡಿ. ರಕ್ತನಾಳಗಳಲ್ಲಿ ಬದುಕುವ ಸಾಂಗ್ವಿನಿಕೋಲಾಕ್ಕೆ ಹೀರುಬಟ್ಟಲುಗಳೇ ಇಲ್ಲ. ಪ್ರೌಢ ಹುಳು ಸಿಗುವುದು ಕಷ್ಟ, ಕಿವಿರಿನ ಸೂಕ್ಷ್ಮನಾಳಗಳಲ್ಲಿ ಸಿಕ್ಕಿಹಾಕಿಕೊಂಡ ಅದರ ಮೊಟ್ಟೆಗಳೇ ಮೊದಲು ಕಣ್ಣಿಗೆ ಬೀಳುವುದು.

ಕಿವಿರಿನಲ್ಲಿ ಎಕ್ಸ್ ಆಕಾರದ ಹುಳು ಕಂಡರೆ ಗಾಬರಿ ಬೇಡ. ಅದು ಡಿಪ್ಲೊಜೂನ್ ಬಳಗ. ಎರಡು ಹುಳುಗಳು ಮೈಗೆ ಮೈ ಬೆಸೆದುಕೊಂಡು ಜೀವನಪೂರ್ತಿ ಹಾಗೇ ಇರುತ್ತವೆ. ಜೋಡಿ ಸಿಗದ ಒಂಟಿ ಲಾರ್ವಾಕ್ಕೆ ಡೈಪೋರ್ಪಾ ಎನ್ನುತ್ತಾರೆ, 19ನೇ ಶತಮಾನದಲ್ಲಿ ಅದನ್ನು ಬೇರೆಯೇ ಕುಲ ಎಂದು ಬರೆದದ್ದೂ ಉಂಟು. ನಿಮ್ಮ ಸ್ಲೈಡ್‌ನಲ್ಲಿ ಕ್ಲ್ಯಾಂಪುಗಳಿರುವ (ಕಿವಿರನ್ನು ಹಿಡಿಯುವ ಇಕ್ಕಳದಂಥ ಅಂಗ) ಚಿಕ್ಕ ಒಂಟಿ ಹುಳು ಇದ್ದು ಯಾವ ಕೀಗೂ ಕೂಡದಿದ್ದರೆ, ಅದೇ ಕಿವಿರಿನ ಉಳಿದ ಎಳೆಗಳಲ್ಲಿ ಜೋಡಿಗಳಿವೆಯೇ ಎಂದು ಹುಡುಕಿ.

ಕೊಕ್ಕೆಗಳ ಲೆಕ್ಕ ಕೂಡುತ್ತಿಲ್ಲ

ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಮೊದಲು ಗೊತ್ತಿರಬೇಕಾದ್ದು. ಡ್ಯಾಕ್ಟಿಲೋಗೈರಸ್‌ಗೆ ಅಂಚಿನ ಸಣ್ಣ ಕೊಕ್ಕೆ 14, ನಡುವೆ ದೊಡ್ಡ ಕೊಕ್ಕೆ ಒಂದು ಜೊತೆ, ತಲೆಯಲ್ಲಿ ನಾಲ್ಕು ಕಣ್ಣಚುಕ್ಕೆ, ತಲೆಯ ತುದಿ ನಾಲ್ಕು ಹಾಲೆಯಾಗಿ ಒಡೆದಿರುತ್ತದೆ, ಮೊಟ್ಟೆ ಇಡುತ್ತದೆ. ಗೈರೋಡ್ಯಾಕ್ಟಿಲಸ್‌ಗೆ ಅಂಚಿನ ಕೊಕ್ಕೆ 16, ದೊಡ್ಡ ಕೊಕ್ಕೆ ಒಂದು ಜೊತೆ, ಕಣ್ಣಚುಕ್ಕೆ ಇಲ್ಲ, ತಲೆ ಎರಡೇ ಹಾಲೆ, ಮರಿ ಹಾಕುತ್ತದೆ. ಸಿಕ್ಲಿಡ್ ಮೀನುಗಳ ಕಿವಿರಿನ ಸಿಕ್ಲಿಡೋಗೈರಸ್‌ಗೆ ಅಂಚಿನ ಕೊಕ್ಕೆ 14, ಆದರೆ ದೊಡ್ಡ ಕೊಕ್ಕೆ ಎರಡು ಜೊತೆ.

ಈಗ ತಪ್ಪು ಎಲ್ಲೆಲ್ಲಿ ಆಗುತ್ತದೆ ನೋಡಿ.

ಡ್ಯಾಕ್ಟಿಲೋಗೈರಸ್‌ನಲ್ಲಿ 16 ಎಣಿಸಿದ್ದೀರಾ? ಅಂಟುತಟ್ಟೆಯಲ್ಲಿ ಸೂಜಿಯಂಥ ಇನ್ನೊಂದು ಜೊತೆ ಪುಟ್ಟ ರಚನೆ ಇರುತ್ತದೆ. ಅದು ಕೊಕ್ಕೆ ಅಲ್ಲ, ತುದಿಯಲ್ಲಿ ಬಾಗಿದ ಕುಡುಗೋಲು ಇರುವುದಿಲ್ಲ. 14ಕ್ಕೆ ಆ ಎರಡು ಸೇರಿಸಿದರೆ 16 ಆಗುತ್ತದೆ, ಅದೂ ಗೈರೋಡ್ಯಾಕ್ಟಿಲಸ್‌ನ ಸಂಖ್ಯೆಯೇ ಆಗಿಬಿಡುತ್ತದೆ! ಹಾಗಾಗಿ ತಲೆಯ ಕಡೆ ಹೋಗಿ ಕಣ್ಣಚುಕ್ಕೆ ನೋಡಿ. ನಾಲ್ಕು ಕಪ್ಪು ಚುಕ್ಕೆ ಕಂಡರೆ ಲೆಕ್ಕದ ತಪ್ಪು ಅಲ್ಲೇ ಬಯಲಾಯಿತು. ಕೆಲವು ಸಲ ಹುಳುವಿನಲ್ಲಿ ಆ ಚುಕ್ಕೆಗಳ ಕಣಗಳು ಚದುರಿ ಹರಡಿಕೊಂಡಿರುತ್ತವೆ, ‘ಇಲ್ಲ’ ಎನ್ನುವ ಮೊದಲು ಹೆಚ್ಚಿನ ಪವರ್‌ನಲ್ಲಿ ನೋಡಿ.

ಕೊಕ್ಕೆಗಳು ಲೆಕ್ಕಕ್ಕಿಂತ ಬಹಳ ಜಾಸ್ತಿ ಇವೆಯಾ, ಅದರಲ್ಲೂ ಕೆಲವು ಹುಳುವಿನ ನಡುಮೈಯಲ್ಲಿ? ಆಗ ನೀವು ತಾಯಿ ಮತ್ತು ಮರಿ ಎರಡನ್ನೂ ಸೇರಿಸಿ ಎಣಿಸುತ್ತಿದ್ದೀರಿ. ಗೈರೋಡ್ಯಾಕ್ಟಿಲಸ್‌ನ ಗರ್ಭದಲ್ಲಿ ಪೂರ್ತಿ ಬೆಳೆದ ಮರಿ ಇರುತ್ತದೆ, ಆ ಮರಿಯೊಳಗೆ ಇನ್ನೊಂದು ಮರಿ ಬೆಳೆಯತೊಡಗಿರುತ್ತದೆ. ಮರಿಯ ದೊಡ್ಡ ಕೊಕ್ಕೆಗಳು ತಾಯಿಯ ಹೊಟ್ಟೆಯ ನಡುವೆ ಎದ್ದು ಕಾಣುತ್ತವೆ. ನೋಡಲು ಎಷ್ಟು ಸುಂದರ ಎಂದರೆ, ಮೊದಲ ಸಲ ನೋಡಿದಾಗ ಎಣಿಕೆ ಮರೆತು ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಕೂತಿದ್ದೆ. ನೀವು ಅಂಟುತಟ್ಟೆಯದನ್ನು ಮಾತ್ರ ಎಣಿಸಿ.

ಕಡಿಮೆ ಬರುತ್ತಿದೆಯಾ, 11, 12 ಹೀಗೆ? ಅದಕ್ಕೆ ಮೂರು ಕಾರಣ. ಕೊಕ್ಕೆಗಳು ಒಂದರ ಮೇಲೊಂದು ಬಿದ್ದಿವೆ, ಇಲ್ಲವೇ ಸ್ಲೈಡ್ ದಪ್ಪವಾಗಿದೆ, ಇಲ್ಲವೇ ಹುಳುವನ್ನು ಕಿವಿರಿನಿಂದ ಬಿಡಿಸುವಾಗ ಎಳೆದು ಕೆಲವನ್ನು ಅಲ್ಲೇ ಬಿಟ್ಟು ಬಂದಿದ್ದೀರಿ. ಜೊತೆಗಳ ಲೆಕ್ಕದಲ್ಲಿ ಎಣಿಸಿ, ಒಟ್ಟು ಸಂಖ್ಯೆ ಹಿಡಿದಲ್ಲ. ಒಂದು ಬದಿಯಲ್ಲಿ ಏಳು ಸಿಕ್ಕಿ ಇನ್ನೊಂದರಲ್ಲಿ ಐದು ಸಿಕ್ಕರೆ ಹುಳುವಿಗೆ 14 ಇವೆ, ಎರಡು ಕಾಣುತ್ತಿಲ್ಲ ಅಷ್ಟೆ. ಫೈನ್ ಫೋಕಸ್ ಅನ್ನು ನಿಧಾನವಾಗಿ ಮೇಲೆ ಕೆಳಗೆ ತಿರುಗಿಸುತ್ತಾ ಎಣಿಸಬೇಕು, ಫೋಟೋ ನೋಡಿ ಎಣಿಸಬಾರದು. ಫೋಟೋದಲ್ಲಿ ಒಂದೇ ಮಟ್ಟ ಇರುತ್ತದೆ, ಕೊಕ್ಕೆಗಳು ಬೇರೆಬೇರೆ ಮಟ್ಟದಲ್ಲಿ ಇರುತ್ತವೆ.

ಮೈಯ ಮೃದುಭಾಗ ಅಡ್ಡ ಬಂದು ಕೊಕ್ಕೆ ಕಾಣದಿದ್ದರೆ ಅಮೋನಿಯಂ ಪಿಕ್ರೇಟ್ ಮತ್ತು ಗ್ಲಿಸರಿನ್ ಮಿಶ್ರಣ ಉಪಯೋಗಿಸಿ. ಕವರ್ ಸ್ಲಿಪ್‌ನ ಒಂದು ಅಂಚಿನಲ್ಲಿ ಪುಟ್ಟ ಹನಿ ಇಡಿ, ಎದುರಿನ ಅಂಚಿನಲ್ಲಿ ಫಿಲ್ಟರ್ ಪೇಪರ್ ತುಂಡು ಮುಟ್ಟಿಸಿ ನೀರನ್ನು ಎಳೆಯಿರಿ. ಮಿಶ್ರಣ ಕೆಳಗೆ ನುಸುಳಿದಂತೆ ಹುಳುವಿನ ಮೈ ಹಳದಿಯಾಗಿ ತಿಳಿಯಾಗುತ್ತದೆ, ಕೊಕ್ಕೆಗಳು ಗೆರೆ ಎಳೆದ ಹಾಗೆ ಎದ್ದು ನಿಲ್ಲುತ್ತವೆ. ಆ ಮಾರ್ಪಾಟನ್ನು ಕಣ್ಣಾರೆ ನೋಡುತ್ತಾ ಇರಿ, ಎಲ್ಲಿ ನಿಲ್ಲಿಸಬೇಕು ಎಂದು ಕೈಗೆ ತಾನಾಗಿ ತಿಳಿಯುತ್ತದೆ. ಒಂದು ಎಚ್ಚರಿಕೆ: ಅಮೋನಿಯಂ ಪಿಕ್ರೇಟ್ ಒಣಗಿದರೆ ಸ್ಫೋಟಕ. ಪುಡಿಯನ್ನು ಒಣಗಲು ಬಿಡಬೇಡಿ, ಮುಚ್ಚಳದ ಸುತ್ತ ಹರಳು ಕಟ್ಟಿದ ಹಳೆಯ ಬಾಟಲಿಯನ್ನು ಮುಟ್ಟಲೇಬೇಡಿ.

ಎಣಿಕೆ ಸರಿ, ಅಳತೆ ಮಾತ್ರ ಕೂಡದಿದ್ದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಕವರ್ ಸ್ಲಿಪ್‌ನಿಂದ ಎಷ್ಟು ಒತ್ತಿದಿರಿ? ಜಾಸ್ತಿ ಒತ್ತಿದರೆ ದೊಡ್ಡ ಕೊಕ್ಕೆಗಳು ಓರೆಯಾಗಿ ತಿರುಗಿ ಉದ್ದ ಬದಲಾಗಿ ಕಾಣುತ್ತದೆ, ಅವುಗಳನ್ನು ಸೇರಿಸುವ ಪಟ್ಟಿ ಬಾಗುತ್ತದೆ. ಎರಡನೆಯದು, ನೀರು ಎಷ್ಟು ತಣ್ಣಗಿತ್ತು? ಗೈರೋಡ್ಯಾಕ್ಟಿಲಸ್‌ನಲ್ಲಿ ತಣ್ಣೀರಿನಲ್ಲಿ ಬೆಳೆದವುಗಳ ಕೊಕ್ಕೆ ಬೆಚ್ಚನೆ ನೀರಿನವಕ್ಕಿಂತ ದೊಡ್ಡದು. ಒಂದೇ ಪ್ರಭೇದವನ್ನು ಚಳಿಗಾಲದಲ್ಲಿ ಮತ್ತು ಬೇಸಿಗೆಯಲ್ಲಿ ಹಿಡಿದು ಅಳೆದು ಎರಡು ಪ್ರಭೇದ ಎಂದು ಬರೆಯುವುದು ತೀರಾ ಸುಲಭ. ಹಾಗಾಗಿ ನೀರಿನ ಉಷ್ಣತೆ ಲೇಬಲ್ ಮೇಲೆ ಇರಲೇಬೇಕು.

ಅಳತೆಗಳು ವಿಪರೀತ ಹರಡಿಕೊಂಡಿದ್ದರೆ, ಅಂದರೆ ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ಅಜಗಜಾಂತರ ಇದ್ದರೆ, ನಿಮ್ಮ ರಾಶಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದ ಇವೆ. ಸಾಮಾನ್ಯ ಕಾರ್ಪ್‌ನ ಒಂದೇ ಕಿವಿರಿನಲ್ಲಿ ಡ್ಯಾಕ್ಟಿಲೋಗೈರಸ್ ಎಕ್ಸ್‌ಟೆನ್ಸಸ್, ವ್ಯಾಸ್ಟೇಟರ್, ಆಂಕೊರೇಟಸ್ ಒಟ್ಟಿಗೇ ಇರಬಹುದು. ಇಪ್ಪತ್ತು ಹುಳು ಅಳೆದು ಸರಾಸರಿ ತೆಗೆದರೆ ಪ್ರಪಂಚದಲ್ಲಿ ಎಲ್ಲೂ ಇಲ್ಲದ ಹುಳು ಹುಟ್ಟುತ್ತದೆ. ಮೊದಲು ಗಂಡು ಜನನಾಂಗದ ಗಟ್ಟಿಭಾಗ ನೋಡಿ ರಾಶಿಯನ್ನು ಬೇರ್ಪಡಿಸಿ, ಆಮೇಲೆ ಅಳೆಯಿರಿ. ಡ್ಯಾಕ್ಟಿಲೋಗೈರಸ್‌ನಲ್ಲಿ ಪ್ರಭೇದ ಹೇಳಲು ಆ ನಳಿಕೆ ಮತ್ತು ಅದರ ಆಸರೆ ತುಂಡಿನ ಆಕಾರವನ್ನು ನಾನು ಕೊಕ್ಕೆಗಳಿಗಿಂತ ಜಾಸ್ತಿ ನಂಬುತ್ತೇನೆ.

ಇಷ್ಟೆಲ್ಲ ಕೂದಲು ಸೀಳುವುದು ಯಾಕೆ ಎಂದು ಕೇಳಬಹುದು. ಗೈರೋಡ್ಯಾಕ್ಟಿಲಸ್ ಸಲಾರಿಸ್ 1970ರ ದಶಕದಲ್ಲಿ ನಾರ್ವೆಯ ನದಿಗಳಿಗೆ ಹೊಕ್ಕು ಅಲ್ಲಿನ ಅಟ್ಲಾಂಟಿಕ್ ಸಾಲ್ಮನ್ ಮರಿಗಳನ್ನು ಸಾಮೂಹಿಕವಾಗಿ ಕೊಂದಿತು. ಹುಳು ಕಳೆಯಲು ಹಲವು ನದಿಗಳಿಗೆ ರೊಟಿನೋನ್ ಎಂಬ ವಿಷ ಹಾಕಿ ಮೀನುಗಳನ್ನೇ ಕೊಲ್ಲಬೇಕಾಯಿತು. ಅದಕ್ಕೆ ಹತ್ತಿರದ, ಗ್ರೇಲಿಂಗ್ ಮೀನಿನ ಹುಳು ಗೈರೋಡ್ಯಾಕ್ಟಿಲಸ್ ಥೈಮಲ್ಲಿ. ಎರಡೂ ಒಂದೇ ಪ್ರಭೇದವೋ ಬೇರೆಯೋ ಎಂಬ ಚರ್ಚೆ ವರ್ಷಾನುಗಟ್ಟಲೆ ನಡೆದಿದೆ. ಅಂಚಿನ ಕೊಕ್ಕೆಯ ಕುಡುಗೋಲು ಎಷ್ಟು ಬಾಗಿದೆ ಎಂಬ ಒಂದು ಮಾತಿನ ಮೇಲೆ ಇಡೀ ನದಿಯ ಹಣೆಬರಹ ನಿಂತಿರುತ್ತದೆ.

ಕೋಶ ಸಿಕ್ಕಿದೆ, ಹೆಸರು ಸಿಗುತ್ತಿಲ್ಲ

ಇಲ್ಲಿ ದೋಷ ನಿಮ್ಮದಲ್ಲ, ಹುಳುವಿನ ವಯಸ್ಸಿನದು. ಮೀನಿನಲ್ಲಿ ಸಿಗುವ ಮೆಟಾಸರ್ಕೇರಿಯಾ ಇನ್ನೂ ಮಗು. ಡೈಜೀನಿಯನ್ ಕೀಗಳಲ್ಲಿ ಬಹುಪಾಲು ಪ್ರಶ್ನೆಗಳು ವೃಷಣ, ಅಂಡಾಶಯ, ಗರ್ಭಕೋಶ ಎಲ್ಲಿವೆ ಎಂಬುದರ ಮೇಲೆ. ಮೆಟಾಸರ್ಕೇರಿಯಾದಲ್ಲಿ ಅವು ಬೆಳೆದೇ ಇರುವುದಿಲ್ಲ. ಪ್ರೌಢ ಹುಳುಗಳ ಕೀಯಲ್ಲಿ ಅದನ್ನು ಹುಡುಕುವುದೇ ತಪ್ಪು. ಕ್ಲಿನೋಸ್ಟೋಮಂ ಒಂದು ಒಳ್ಳೆಯ ಅಪವಾದ: ಹಳದಿ ಮಿಶ್ರಿತ ಬಿಳಿಯ ದೊಡ್ಡ ಕೋಶ, ಬರಿಗಣ್ಣಿಗೇ ಕಾಣುತ್ತದೆ, ಬಾಯಿಯ ಸುತ್ತ ಕಾಲರಿನಂಥ ಮಡಿಕೆ, ಹೊಟ್ಟೆಯ ಹೀರುಬಟ್ಟಲು ಬಾಯಿಯದಕ್ಕಿಂತ ದೊಡ್ಡದು, ಜನನಾಂಗಗಳ ಮೊಳಕೆಗಳೂ ಕಾಣುತ್ತವೆ. ಮುಂದೆ ಅದು ಬೆಳೆಯುವುದು ಕೊಕ್ಕರೆ ಬಳಗದ ಹಕ್ಕಿಗಳಲ್ಲಿ.

ಹೆಚ್ಚು ಕಾಣುವ ತಪ್ಪು ಒಂದಿದೆ. ‘ನಿಯಾಸ್ಕಸ್’, ‘ಟೆಟ್ರಾಕೊಟೈಲ್’, ‘ಡಿಪ್ಲೋಸ್ಟೋಮುಲಂ’ ಎಂಬ ಹೆಸರುಗಳನ್ನು ಕುಲದ ಹೆಸರಿನಂತೆ ಬರೆಯುವುದು. ಅವು ಲಾರ್ವಾದ ಮಾದರಿಗಳು ಅಷ್ಟೆ. ಒಂದು ಮಾದರಿಯೊಳಗೆ ಹಲವು ಕುಲಗಳು ಅಡಗಿರುತ್ತವೆ. ವರದಿಯಲ್ಲಿ ‘ನಿಯಾಸ್ಕಸ್ ಮಾದರಿಯ ಮೆಟಾಸರ್ಕೇರಿಯಾ’ ಎಂದು ಬರೆಯಿರಿ, ಅದು ಪ್ರಾಮಾಣಿಕ. ಚರ್ಮದ ಮೇಲಿನ ಕಪ್ಪುಚುಕ್ಕೆ ರೋಗದಲ್ಲಿ ಆ ಕಪ್ಪು ಬಣ್ಣ ಮೀನಿನದೇ, ಹುಳುವಿನ ಸುತ್ತ ಮೀನು ಕಟ್ಟಿಕೊಂಡ ಮೆಲನಿನ್. ಚುಕ್ಕೆಯ ಬಣ್ಣ ನೋಡಿ ಹುಳುವಿಗೆ ಹೆಸರಿಡಬೇಡಿ.

ಕೋಶ ಬಿಡಿಸುವಾಗ ಹುಳು ಹರಿದುಹೋಗುತ್ತಿದ್ದರೆ ಸೂಜಿಯ ಅವಸರ ಬಿಡಿ. ಕಣ್ಣಿನಂಥ ಮೃದು ಜಾಗದಲ್ಲಿ ಸೂಜಿ ಸಾಕು. ಸ್ನಾಯುವಿನ ದಪ್ಪ ಗೋಡೆಯ ಕೋಶಕ್ಕೆ ಪೆಪ್ಸಿನ್ ಮತ್ತು ಆಮ್ಲದ ದ್ರಾವಣದಲ್ಲಿ ಬೆಚ್ಚಗಿಟ್ಟರೆ ಹೊರಗಿನ ಅಂಗಾಂಶ ಕರಗುತ್ತದೆ. ಕಾರ್ಪ್ ಬಳಗದ ಮೀನಿನ ಸ್ನಾಯುವಿನಲ್ಲಿ ತೀರಾ ಚಿಕ್ಕ ಕೋಶಗಳು ಸಿಕ್ಕರೆ ಇನ್ನಷ್ಟು ಹುಷಾರಾಗಿರಿ. ಕ್ಲೋನಾರ್ಕಿಸ್, ಒಪಿಸ್ತಾರ್ಕಿಸ್ ಮೆಟಾಸರ್ಕೇರಿಯಾಗಳು ಇರುವುದು ಅಲ್ಲೇ, ಹಸಿ ಮೀನು ತಿಂದವರ ಪಿತ್ತನಾಳದಲ್ಲಿ ಅವು ಬೆಳೆಯುತ್ತವೆ. ಕೈಗವಸು ಹಾಕಿಕೊಳ್ಳಿ, ಕೈ ತೊಳೆಯಿರಿ, ಆ ತಟ್ಟೆ ಪಕ್ಕದಲ್ಲಿ ಏನನ್ನೂ ತಿನ್ನಬೇಡಿ.

ಹುಳು ಸುಕ್ಕಾಗಿದೆ, ಒಡೆದಿದೆ, ಮುದುಡಿದೆ

ಜೀವಂತ ಹುಳುವನ್ನು ತಣ್ಣನೆ ಫಾರ್ಮಲಿನ್‌ಗೆ ಹಾಕಿದರೆ ಅದು ನೋವಿಗೆ ಮುದುಡಿದಂತೆ ಸುರುಳಿಯಾಗಿ ಗಟ್ಟಿಯಾಗುತ್ತದೆ. ಆಮೇಲೆ ಉದ್ದ, ಅಗಲ, ಹೀರುಬಟ್ಟಲುಗಳ ನಡುವಿನ ಅಂತರ ಯಾವುದೂ ನಂಬುವ ಹಾಗಿಲ್ಲ. ಕುದಿಯಲು ಬಂದ ಸಲೈನ್ ಅಥವಾ ಬಿಸಿ 4% ಫಾರ್ಮಲಿನ್ ಅನ್ನು ಒಮ್ಮೆಗೇ ಸುರಿಯಬೇಕು, ಹುಳು ಚಾಚಿಕೊಂಡ ಭಂಗಿಯಲ್ಲೇ ನಿಲ್ಲುತ್ತದೆ. ಫಾರ್ಮಲಿನ್ ಬಿಸಿ ಮಾಡುವುದು ಹೊಗೆ ಹೊರಗೆ ಹೋಗುವ ಜಾಗದಲ್ಲೇ ಆಗಬೇಕು. ಮೀನಿನೊಳಗಿನ ಹುಳುವನ್ನು ನಲ್ಲಿ ನೀರಿನಲ್ಲಿ ಬಿಟ್ಟು ಊಟಕ್ಕೆ ಹೋದರೆ, ವಾಪಸ್ ಬರುವಷ್ಟರಲ್ಲಿ ಅದು ನೀರು ಕುಡಿದು ಉಬ್ಬಿ ಒಡೆದಿರುತ್ತದೆ. ಸುಮಾರು 0.8% ಉಪ್ಪಿನ ಸಲೈನ್ ಉಪಯೋಗಿಸಿ.

ಡಿಎನ್‌ಎ ಮಾಡಿಸುವ ಯೋಚನೆ ಇದ್ದರೆ ಕೆಲವನ್ನು ಮೊದಲೇ 96% ಎಥನಾಲ್‌ಗೆ ಹಾಕಿ. ಫಾರ್ಮಲಿನ್‌ನಲ್ಲಿ ಇಟ್ಟದ್ದನ್ನು ಆಮೇಲೆ ಎಥನಾಲ್‌ಗೆ ವರ್ಗಾಯಿಸಿದರೆ ಕೆಲಸಕ್ಕೆ ಬರುವುದಿಲ್ಲ, ಡಿಎನ್‌ಎ ಅಷ್ಟೊತ್ತಿಗೆ ಹಾಳಾಗಿರುತ್ತದೆ.

ಡಿಎನ್‌ಎ ಒಂದು ಹೆಸರು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ

ಹೀಗಾದಾಗ ಜನ ಕಣ್ಣನ್ನು ಬಿಟ್ಟು ಡಿಎನ್‌ಎ ಹಿಡಿಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಡಿಎನ್‌ಎ ದಾಖಲೆಗಳ ಸಾರ್ವಜನಿಕ ಭಂಡಾರವಾದ ಜೀನ್‌ಬ್ಯಾಂಕ್‌ನಲ್ಲಿ ಒಂದು ಸೀಕ್ವೆನ್ಸ್‌ಗೆ ಅಂಟಿಸಿದ ಹೆಸರು ಅದನ್ನು ಹಾಕಿದವರು ಗುರುತಿಸಿದ ಹೆಸರು. ಅವರು ತಪ್ಪಿದ್ದರೆ ನಿಮ್ಮ ಹುಳುವೂ ಅದೇ ತಪ್ಪು ಹೆಸರು ಹೊತ್ತುಕೊಳ್ಳುತ್ತದೆ. ಆ ದಾಖಲೆಗೆ ಸಂಗ್ರಹಾಲಯದಲ್ಲಿ ಇಟ್ಟ ಮಾದರಿ ಇದೆಯಾ ನೋಡಿ. ಮೀನಿನ ಹೆಸರು, ಅಂಗ, ಊರು ಹೊಂದುತ್ತವಾ ನೋಡಿ. ಯಾವ ಜೀನ್ ಎನ್ನುವುದೂ ಮುಖ್ಯ. 18ಎಸ್ ಎಂಬ ಜೀನ್ ನಿಧಾನಕ್ಕೆ ಬದಲಾಗುತ್ತದೆ, ಹತ್ತಿರದ ಪ್ರಭೇದಗಳನ್ನು ಅದರಿಂದ ಬಿಡಿಸುವುದು ಕಷ್ಟ. ಪ್ರಭೇದಕ್ಕೆ ಐಟಿಎಸ್ ಅಥವಾ ಸಿಒಐ ಎಂಬ ಡಿಎನ್‌ಎ ಭಾಗ ಬೇಕು, 28ಎಸ್ ಕುಟುಂಬ ಮತ್ತು ಕುಲದ ಜಾಗ ಹೇಳಲು ಒಳ್ಳೆಯದು.

ಎರಡೂ ಸಾಕ್ಷಿ ಒಂದೇ ಹುಳುವಿನಿಂದ ಬಂದರೆ ಜಗಳ ಬೇಗ ಬಗೆಹರಿಯುತ್ತದೆ. ಮಾನೋಜೀನಿಯನ್ ಆದರೆ ಹಿಂದಿನ ಕೊಕ್ಕೆಭಾಗವನ್ನು ಕತ್ತರಿಸಿ ಸ್ಲೈಡ್‌ಗೆ, ಉಳಿದ ಮೈ ಡಿಎನ್‌ಎಗೆ. ಡ್ಯಾಕ್ಟಿಲೋಗೈರಸ್‌ನಂಥವಕ್ಕೆ ಗಂಡು ಜನನಾಂಗ ಮುಂದಿನ ಭಾಗದಲ್ಲಿರುತ್ತದೆ, ಆದ್ದರಿಂದ ಕತ್ತರಿಸುವ ಮೊದಲೇ ಅದರ ಚಿತ್ರ ತೆಗೆದಿಡಿ. ಲಾಡಿಹುಳುವಾದರೆ ನಡುವಿನ ಒಂದು ತುಂಡು ಸಾಕು, ತಲೆ ಸ್ಲೈಡ್‌ಗೆ ಉಳಿಯಲಿ. ತಲೆ ಹೋದ ಲಾಡಿಹುಳುವಿಗೆ ಹೆಸರು ಹುಡುಕುವುದು ನಿಜಕ್ಕೂ ಕಷ್ಟ. ಶೈಜೋಕೋಟೈಲ್‌ನ ಹೃದಯದಾಕಾರದ ತಲೆಯ ಎರಡು ಆಳದ ಸೀಳು, ಪ್ರೊಟಿಯೊಸೆಫಾಲಸ್‌ನ ನಾಲ್ಕು ಹೀರುಬಟ್ಟಲು, ಇವು ಇರುವುದು ತಲೆಯಲ್ಲೇ. ಕರುಳಿನಿಂದ ಎಳೆಯಬೇಡಿ, ಕರುಳಿನ ಗೋಡೆಯ ಸಮೇತ ಕತ್ತರಿಸಿ ಆಮೇಲೆ ಬಿಡಿಸಿ.

ಕೆಲವು ಸಲ ಜಗಳವೇ ಇರುವುದಿಲ್ಲ, ಹೆಸರು ಮಾತ್ರ ಬದಲಾಗಿರುತ್ತದೆ. ಹಳೆಯ ಕೀಯಲ್ಲಿ ಬೋತ್ರಿಯೋಸೆಫಾಲಸ್ ಅಕೈಲೋಗ್ನಾಥಿ ಎಂದಿರುವುದು 2015ರಿಂದ ಶೈಜೋಕೋಟೈಲ್. ಮತ್ತೊಂದು ಲಾಡಿಹುಳು ಡೈಫಿಲೊಬೋತ್ರಿಯಂ ಲೇಟಂ ಈಗ ಡೈಬೋತ್ರಿಯೊಸೆಫಾಲಸ್ ಲೇಟಸ್. ಹುಳು ಅದೇ.

ಎಲ್ಲ ನೋಡಿಯೂ ಕೂಡದಿದ್ದರೆ

ಆಗ ಹೆಸರನ್ನು ಎಳೆದು ಕೂರಿಸಬೇಡಿ. ಕುಲದವರೆಗೆ ಖಚಿತವಿದ್ದರೆ ‘ಡ್ಯಾಕ್ಟಿಲೋಗೈರಸ್ ಪ್ರಭೇದ’ ಎಂದು ನಿಲ್ಲಿಸಿ. ಕುಟುಂಬದವರೆಗೆ ಖಚಿತವಿದ್ದರೆ ಅಲ್ಲಿ ನಿಲ್ಲಿಸಿ. ನನ್ನ ಪೆಟ್ಟಿಗೆಯಲ್ಲಿ ಹಾಗೆ ಅರ್ಧ ಹೆಸರಿನಲ್ಲಿ ನಿಂತ ಸ್ಲೈಡ್‌ಗಳು ಸಾಕಷ್ಟಿವೆ. ಲೇಬಲ್ ಮೇಲೆ ಮೀನಿನ ಹೆಸರು, ಅಂಗ, ಎಡವೋ ಬಲವೋ, ಎಷ್ಟನೆಯ ಕಿವಿರು ಕಮಾನು, ನೀರಿನ ಉಷ್ಣತೆ, ದಿನಾಂಕ, ಹೇಗೆ ಕೊಂದೆ, ಯಾವುದರಲ್ಲಿ ಇಟ್ಟೆ ಎಂದು ಪೆನ್ಸಿಲ್‌ನಲ್ಲಿ ಬರೆದಿದೆ. ಪೆನ್ನಿನಲ್ಲಿ ಬರೆದರೆ ಎಥನಾಲ್ ತಗುಲಿ ಅಳಿಸಿಹೋಗುತ್ತದೆ. ಮೇಲೆ ಹೇಳಿದ ಆ ಲಾಡಿಹುಳುವಿನ ಮೂಲ ಲೇಬಲ್‌ನಲ್ಲಿ ‘ಡೈಜೀನಿಯನ್?’ ಎಂದಿತ್ತು, ಅದನ್ನು ಒಂದು ಗೆರೆ ಎಳೆದು ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದೇನೆ. ಹಳೆಯದನ್ನು ಅಳಿಸಿಲ್ಲ. ಅದೇ ಮೀನಿನಿಂದ ಬಂದ ಉಳಿದ ಬಾಟಲಿಗಳನ್ನು ಯಾರಾದರೂ ತೆರೆದಾಗ, ಅವುಗಳ ಮೇಲೂ ಅದೇ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಯಾವುದನ್ನು ಮತ್ತೆ ನೋಡಬೇಕು ಎಂದು ಅವರಿಗೆ ತಿಳಿಯಬೇಕಲ್ಲ.